ಗಿರಣಿಗೊಂದು ಆಟಿಕೆ

ಜೂನ್ ೪, ಸಂಜೆ ೭

ತಪಾಸಣೆ ಮುಗಿಯಿತು. ಹಗ್ಗದ ಗಂಟು — ಐದು ಎಳೆ ಹೊರಬಂದಿವೆ. ಕಸದ ಬುಟ್ಟಿಗೆ. ನೀಲಿ ರಬ್ಬರ್ ಬಳೆ — ಅಂಚಿನಲ್ಲಿ ಸೀಳು. ಅದೂ ಬುಟ್ಟಿಗೆ. ಹಳದಿ ಚೆಂಡು — ಅರ್ಧ ಮಾತ್ರ ಸಿಕ್ಕಿತು. ಇನ್ನರ್ಧಕ್ಕಾಗಿ ಸೋಫಾ ಸರಿಸಿ, ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದ್ದಾಯಿತು. ಕಡೆಗೆ ನನ್ನ ಚಪ್ಪಲಿಯ ಮೇಲೆ ಕೂತಿತ್ತು. ಎರಡೂ ತುಂಡು ಸೇರಿಸಿ ತೂಗಿದೆ. ಪೂರ್ತಿ ಇದೆ. ಹೋದ ಜೀವ ಬಂತು.

ಇದನ್ನೆಲ್ಲ ಕಡಿದು ಹಾಕಿದ ನಾಯಿ ಮಹಾಶಯರು ಇಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ನೋಡುತ್ತಿದ್ದರು. ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬ ಮುಖ.

ಏಪ್ರಿಲ್‌ನಲ್ಲಿ ಹಡಗು ಹತ್ತುವಾಗ ತಮ್ಮ ತನ್ನ ನಾಯಿಯನ್ನೂ ಒಂದು ಚೀಲ ಆಟಿಕೆಯನ್ನೂ ಇಲ್ಲಿ ಇಳಿಸಿ ಹೋದ. "ಅಕ್ಕಾ, ಇಷ್ಟಿದ್ರೆ ನಾನು ಬರೋವರ್ಗೂ ಸಾಕು" ಎಂದ. ಎಂಟು ತಿಂಗಳಿಗೆಂದು ಕೊಟ್ಟದ್ದು ಒಂಬತ್ತು ದಿನಕ್ಕೆ ಮುಗಿಯಿತು. ಹತ್ತನೆಯ ದಿನ ವಾಂತಿ. ಹೊಟ್ಟೆ ಕೊಯ್ದು ತೆಗೆದದ್ದು — ಬಾತುಕೋಳಿ ಬೊಂಬೆಯೊಳಗಿನ ಪೀಪಿ. ಹದಿನಾಲ್ಕು ಹೊಲಿಗೆ. ಡಾಕ್ಟರಮ್ಮ ಆವತ್ತು ಕೈ ತೊಳೆಯುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮೇಡಂ, ಅದೇ ಜಾಗದಲ್ಲಿ ಇನ್ನೊಂದ್ ಸಲ ಏನಾದ್ರೂ ಸಿಕ್ಕಾಕ್ಕೊಂಡ್ರೆ ಉಳಿಸ್ತೀನಿ ಅಂತ ನಾನ್ ಹೇಳಲ್ಲ."

ಡಿಸೆಂಬರ್‌ವರೆಗೆ ಇವನು ಏನನ್ನೂ ನುಂಗಬಾರದು. ನನ್ನ ಕೆಲಸ ಇಷ್ಟೇ. ಈ ನಾಯಿಯ ಮೇಲೆ ನನಗೆ ಪ್ರೀತಿಗೀತಿ ಏನಿಲ್ಲ. ಕೊಟ್ಟ ವಸ್ತುವನ್ನು ಕೊಟ್ಟ ಹಾಗೆ ವಾಪಸು ಮಾಡಬೇಕು.

ಜೂನ್ ೫, ಬೆಳಗ್ಗೆ

ಅಗಿಯಲು ಏನೂ ಕೊಡದಿದ್ದರೆ? ಅದನ್ನೂ ಮಾಡಿ ನೋಡಿದ್ದೇನೆ. ಕುರ್ಚಿಯ ಕಾಲು, ಪೊರಕೆಯ ಹಿಡಿ, ಗೋಡೆಯ ಮೂಲೆಯ ಗಾರೆ. ಕೆಳಮನೆಯ ಟೈಲರ್ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದ್ದರು — "ಏನಮ್ಮಾ, ಮೇಲೆ ಗಿರಣಿ ಹಾಕ್ಸಿದೀರಾ?" ಆವತ್ತಿನಿಂದ ಇವನು ಗಿರಣಿ. ತಮ್ಮ ಇಟ್ಟ ಹೆಸರಿಗಿಂತ ಇದಕ್ಕೇ ಬೇಗ ಕಿವಿ ನಿಮಿರಿಸುತ್ತಾನೆ.

ಡಾಕ್ಟರಮ್ಮ ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟದ್ದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಪೀಪಿ ಇರುವುದು ಬೇಡ. ಹಗ್ಗ, ದಾರ, ಬಟ್ಟೆ ಬೇಡ. ಒಣಗಿಸಿದ ಚರ್ಮ, ಮೂಳೆ, ಕೊಂಬು ಬೇಡ. ಟೆನ್ನಿಸ್ ಚೆಂಡು ಬೇಡ, ಅದರ ಜುಂಗು ಹಲ್ಲನ್ನು ಉಜ್ಜುಕಾಗದದ ಹಾಗೆ ಸವೆಸುತ್ತದೆ. ಬಾಯಿಯ ಹಿಂಭಾಗಕ್ಕೆ ಪೂರ್ತಿ ಹೋಗುವಷ್ಟು ಚಿಕ್ಕದು ಬೇಡ. ಟೊಳ್ಳಾಗಿದ್ದರೆ ಎರಡು ತೂತಿರಲಿ, ಒಂದೇ ಇದ್ದರೆ ಗಾಳಿ ಎಳೆದು ನಾಲಿಗೆ ಸಿಕ್ಕಿಕೊಳ್ಳುತ್ತದೆ. ಉಗುರು ಒತ್ತಿದರೆ ಸ್ವಲ್ಪ ತಗ್ಗಬೇಕು. ಮಂಡಿಗೆ ಬಡಿದುಕೊಂಡರೆ ನೋಯಬಾರದು.

ಮದುವೆ ಸಂಬಂಧ ನೋಡುವವರೂ ಇಷ್ಟು ಕಂಡಿಷನ್ ಹಾಕುವುದಿಲ್ಲ.

ಜೂನ್ ೯, ಭಾನುವಾರ

ಅಂಗಡಿಗೆ ಹೋಗಿದ್ದೆ. ಒಂದು ಗೋಡೆ ಪೂರ್ತಿ ಆಟಿಕೆ. ಒಂದೊಂದೇ ಇಳಿಸಿ ಉಗುರು ಒತ್ತಿದೆ, ಮಂಡಿಗೆ ಬಡಿದುಕೊಂಡೆ. ಬೆಕ್ಕಿನ ಬುಟ್ಟಿ ಕೊಳ್ಳಲು ಬಂದಿದ್ದ ಹೆಂಗಸು ತನ್ನ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು.

ಅಂಗಡಿಯವನು ನೈಲಾನ್ ಮೂಳೆ ತೋರಿಸಿದ. "ತಗೊಳ್ಳಿ ಮೇಡಂ, ಅಗಿದೂ ಅಗಿದೂ ಹಲ್ಲು ಗಟ್ಟಿಯಾಗತ್ತೆ."

"ಅಗಿದ್ರೆ ಹಲ್ಲು ಸವೆಯತ್ತೆ ಕಣಪ್ಪಾ. ಹಲ್ಲಿನ ವಿಷ್ಯ ನಂಗ್ ಹೇಳ್ಬೇಡ."

ಮೂವತ್ತೊಂದು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ನಾವು ಅದಕ್ಕೆ ತಕ್ಕ ಹಾಗೆ ಒಸಡು, ಹಲ್ಲು ಕೂರಿಸಿ ಕಳಿಸುತ್ತೇವೆ. ನನ್ನ ಸೆಟ್ಟು ಮುರಿದು ವಾಪಸು ಬಂದದ್ದು ಕಡಿಮೆ. ಇದನ್ನು ಅವನಿಗೆ ಹೇಳಲಿಲ್ಲ. ಮುಖದಲ್ಲಿ ಕಂಡಿರಬೇಕು.

ಆಮೇಲೆ ಹಸಿರು ರಬ್ಬರಿನದ್ದೊಂದು ತಂದ. ಉಗುರು ತಗ್ಗಿತು. ಮಂಡಿ ನೋಯಲಿಲ್ಲ.

"ಇದನ್ನ ಮುರಿಯೋ ನಾಯಿ ಇನ್ನೂ ಹುಟ್ಟಿಲ್ಲ ಮೇಡಂ."

"ಹುಟ್ಟಿದೆ. ಐದು ವರ್ಷ ಆಯ್ತು."

ಅವನು ನಗಲಿಲ್ಲ. ಹಸಿರಿನದ್ದೂ, ಎರಡು ತೂತಿನ ಕಪ್ಪು ರಬ್ಬರಿನ ಟೊಳ್ಳು ಆಟಿಕೆಯೂ ಕೊಂಡೆ.

ಸಂಜೆ ಆರು ಗಂಟೆಗೆ ಹಸಿರು ಕೊಟ್ಟೆ. ಆರು ಹನ್ನೊಂದಕ್ಕೆ ಅದು ನಾಲ್ಕು ತುಂಡು.

ಜೂನ್ ೧೦, ಬೆಳಗ್ಗೆ ೭

ನಿನ್ನೆ ಸರಿಯಾಗಿ ತೂಗಲಿಲ್ಲವೇನೋ ಎಂದು ಮತ್ತೆ ತೂಗಿದೆ. ಕೊಡುವಾಗ ೨೪೮ ಗ್ರಾಂ. ನಾಲ್ಕು ತುಂಡೂ ಸೇರಿ ೨೪೫. ಮನೆ ಪೂರ್ತಿ ಗುಡಿಸಿ ಕಸ ಜರಡಿ ಹಿಡಿದೆ. ಮೂರು ಗ್ರಾಂ ಇಲ್ಲ.

ಡಾಕ್ಟರಮ್ಮನಿಗೆ ಫೋನ್. "ವಾಂತಿ ಇಲ್ಲ ತಾನೆ? ಊಟ ಮಾಡಿದ್ನಾ? ಹಾಗಾದ್ರೆ ಎರಡು ದಿನ ನೋಡೋಣ. ಹೊರಗೆ ಹೋದಾಗ... ಗೊತ್ತಾಯ್ತಲ್ಲ, ನೋಡ್ಕೊಳ್ಳಿ."

ಗೊತ್ತಾಯಿತು.

ಜೂನ್ ೧೧

ಇಲ್ಲ. ಊಟ ಮಾಡಿದ. ಹೊಟ್ಟೆ ಮುಟ್ಟಿದರೆ ನೋವಿದ್ದ ಹಾಗಿಲ್ಲ. ಲ್ಯಾಬಿನಲ್ಲಿ ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿ ಅರ್ಧ ಗಂಟೆ ನೋಡಿಕೊಳ್ಳಲೇ ಇಲ್ಲ.

ಜೂನ್ ೧೨, ಬೆಳಗ್ಗೆ ೬

ಖಾಲಿ ಸೈಟಿನ ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಲ್ಯಾಬಿನ ಹಳೇ ಚಿಮುಟದಿಂದ ಕೆದಕುತ್ತಿದ್ದೆ. ಟೈಲರ್ ವಾಕಿಂಗ್ ಮುಗಿಸಿ ಬಂದವರು ಹಿಂದೆಯೇ ನಿಂತರು.

"ಏನ್ ಹುಡುಕ್ತಿದೀರಮ್ಮಾ, ಓಲೆ ಬಿತ್ತಾ?"

"ಹಸಿರು ರಬ್ಬರ್."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ, "ಅಗೋ, ಅದಲ್ವಾ?" ಎಂದರು. ಅದೇ. ಎರಡು ಚೂರು. ತೊಳೆದು, ಒರೆಸಿ, ತೂಗಿದೆ. ಮೂರು ಗ್ರಾಂ.

ಐವತ್ತೆರಡನೆಯ ವಯಸ್ಸಿನಲ್ಲಿ ಇಂಥದ್ದಕ್ಕೆ ಕಣ್ಣಲ್ಲಿ ನೀರು ಬರುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಜೂನ್ ೨೩

ಹತ್ತು ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಆಗಲಿಲ್ಲ, ಅದೇ ಸುಖ. ಕಪ್ಪು ಆಟಿಕೆ ನಿಂತಿದೆ. ಬೇಯಿಸಿದ ಕ್ಯಾರೆಟ್ ಕಿವುಚಿ ಒಳಗೆ ತುಂಬಿ ಫ್ರೀಜರಿನಲ್ಲಿಟ್ಟು ಕೊಡುತ್ತೇನೆ. ಮುಂಗಾಲುಗಳ ನಡುವೆ ಹಿಡಿದು ಮುಕ್ಕಾಲು ಗಂಟೆ ನೆಕ್ಕುತ್ತಾನೆ. ಆಮೇಲೆ ಗರಗರ. ಆಮೇಲೆ ನಿದ್ದೆ. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ ಒಂದೇ.

ಜುಲೈ ೨, ಸಂಜೆ

ಕಪ್ಪು ಆಟಿಕೆಯ ಅಂಚು ಬಿಟ್ಟುಕೊಂಡಿದೆ. ಇನ್ನೊಂದು ದಿನ ಕೊಟ್ಟಿದ್ದರೆ ಹೆಬ್ಬೆರಳಿನಷ್ಟು ತುಂಡು ಬರುತ್ತಿತ್ತು. ಎತ್ತಿಟ್ಟೆ. ಅಂಗಡಿಗೆ ಫೋನ್ ಮಾಡಿದರೆ ಆ ಸೈಜು ಮುಗಿದಿದೆ, ಬರಲು ಮೂರು ವಾರವಂತೆ. ಚಿಕ್ಕದಿದೆಯಂತೆ. ಚಿಕ್ಕದು ಬೇಡ.

ಮೂರು ವಾರ. ಗಿರಣಿ ಈಗಾಗಲೇ ಮೇಜಿನ ಕಾಲನ್ನು ಮೂಸಿ ನೋಡಿ ಬಂದ.

ಜುಲೈ ೩

ಲ್ಯಾಬಿನಲ್ಲಿ ಸುಮ್ಮನೆ ಕುತೂಹಲಕ್ಕೆ, ಹಲ್ಲು ಮೂಡಿದ ಹಸಿರು ತುಂಡಿನ ಗುಳಿಗಳಿಗೆ ಪ್ಲಾಸ್ಟರ್ ಹುಯ್ದೆ. ಗಟ್ಟಿಯಾದ ಮೇಲೆ ಬಿಡಿಸಿದರೆ — ಗಿರಣಿಯ ಬಲಗಡೆಯ ಮೇಲಿನ ಸಾಲು. ನಡುವೆ ಒಂದು ದೊಡ್ಡ ಹಲ್ಲು, ಕತ್ತರಿಯ ಅಲಗಿನ ಹಾಗೆ. ಎಷ್ಟು ಚೆಂದ. ಇಂಥದ್ದನ್ನು ನಾನು ಜನ್ಮದಲ್ಲಿ ಮಾಡಿಲ್ಲ, ಯಾರೂ ಕೇಳಿಯೂ ಇಲ್ಲ.

ಪಾಲಿಶ್ ಚಕ್ರದ ಮುಂದೆ ಕೂರುವ ಹಿರಿಯರನ್ನು ನಾವೆಲ್ಲ ಪಾಲಿಶಣ್ಣ ಎನ್ನುತ್ತೇವೆ. ಅವರು ಬಂದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಯಾರ್ ತಂಗೀ ಈ ಪೇಷೆಂಟು? ಊಟಕ್ಕೆ ಕರೀಬೇಡ ಮಾರಾಯ್ತಿ."

ಆಗ ಹೊಳೆಯಿತು. ಯಾಕೆ ನಾನೇ ಮಾಡಬಾರದು?

ಜುಲೈ ೮, ಸಂಜೆ ೭.೩೦

ಆಯಿತು.

ಸೆಟ್ಟಿಗೆ ಹಾಕುವ ಅಕ್ರಿಲಿಕ್. ಎರಡು ಬೆರಳು ದಪ್ಪದ ಬಳೆ. ಹಲ್ಲು ಕಡಿದು ಕಡಿದು ಸೆಟ್ಟು ಮುರಿದುಕೊಂಡು ಬರುವವರಿಗೆ ಒಳಗೆ ಸ್ಟೀಲಿನ ಜಾಲರಿ ಇಡುತ್ತೇವಲ್ಲ, ಅದನ್ನೂ ಇಟ್ಟೆ. ಅವನು ಆಕಳಿಸುವಾಗ ಬಾಯಿಯ ಅಗಲ ಅಳೆದುಕೊಂಡಿದ್ದೆ, ಹಿಂದಕ್ಕೆ ಹೋಗುವ ಮಾತೇ ಇಲ್ಲ. ಅಚ್ಚಿನ ಡಬ್ಬಿಯಲ್ಲಿ ಒತ್ತಿ, ಒಂಬತ್ತು ಗಂಟೆ ಬಿಸಿನೀರಲ್ಲಿ ಬೇಯಿಸಿ, ವಾಸನೆ ಹೋಗಲೆಂದು ಮೂರು ದಿನ ತಣ್ಣೀರಲ್ಲಿ ನೆನೆಸಿದೆ. ಪಾಲಿಶಣ್ಣ ಮೂರು ಸುತ್ತು ಪಾಲಿಶ್ ಹೊಡೆದುಕೊಟ್ಟರು. ಒಸಡಿನ ಗುಲಾಬಿ ಬಣ್ಣ. ೧೮೬ ಗ್ರಾಂ. ಒಂದು ಕಡೆಯೂ ಒರಟಿಲ್ಲ.

ಉಗುರು ಒತ್ತಿ ನೋಡಿದೆ. ತಗ್ಗಲಿಲ್ಲ. ಮಂಡಿಗೆ ಬಡಿದುಕೊಳ್ಳಲಿಲ್ಲ. ಅದು ಅಂಗಡಿಯ ಸಾಮಾನಿಗೆಂದು ಡಾಕ್ಟರಮ್ಮ ಹೇಳಿದ ಮಾತು. ಅಂಗಡಿಯವನಿಗೆ ಹಲ್ಲಿನ ಬಗ್ಗೆ ಏನು ಗೊತ್ತು, ನನಗೆ ಗೊತ್ತಿಲ್ಲವೇ?

ಕೊಟ್ಟೆ. ಒಂದು ಗಂಟೆ ಹೋರಾಡಿದ. ಬೆಳಕಿಗೆ ಹಿಡಿದು ನೋಡಿದರೆ ಗೀರು ಬಿಟ್ಟರೆ ಏನಿಲ್ಲ. ೧೮೬. ಮಗನೇ, ಈಗ ನೋಡು!

ಜುಲೈ ೧೪, ಭಾನುವಾರ

೧೮೬. ನಿನ್ನೆಯೂ ೧೮೬. ಮೊನ್ನೆಯೂ.

ಇಷ್ಟು ದಿನ ಅವನನ್ನು ನೋಡಲು ಮಧ್ಯಾಹ್ನ ಲ್ಯಾಬಿನಿಂದ ಓಡಿ ಬರುತ್ತಿದ್ದೆ. ಈ ವಾರ ಬರಲಿಲ್ಲ. ಬೆಳಗ್ಗೆ ಬಳೆ ಕೊಟ್ಟು ಬಾಗಿಲು ಹಾಕಿಕೊಂಡು ಹೋದರೆ ಸಂಜೆವರೆಗೆ ಚಿಂತೆಯಿಲ್ಲ. ತುಂಡು ಹುಡುಕುವುದಿಲ್ಲ, ಜರಡಿ ಇಲ್ಲ, ಚಿಮುಟ ಇಲ್ಲ.

ಟೈಲರ್ ಕೇಳಿದರು, "ಗಿರಣಿ ಸದ್ದು ಬದಲಾಗಿದೆಯಲ್ಲಮ್ಮಾ? ಮೊದ್ಲು ಗರಗರ ಅಂತಿತ್ತು, ಈಗ ಕಟಕಟ ಅಂತದೆ."

"ಹೊಸ ಸಾಮಾನು ಟೈಲರಣ್ಣ. ನಮ್ಮದೇ ತಯಾರಿ" ಎಂದೆ. ಹೆಮ್ಮೆಯಿಂದಲೇ ಎಂದೆ.

ಜುಲೈ ೧೯

ಈಚೆಗೆ ನಿಧಾನವಾಗಿ ತಿನ್ನುತ್ತಾನೆ. ಮೊದಲು ತಟ್ಟೆ ಇಡುವುದರೊಳಗೆ ಖಾಲಿ. ನನ್ನ ಜೊತೆ ಇದ್ದು ಮರ್ಯಾದೆ ಕಲಿತ ಎಂದು ತಮ್ಮನಿಗೆ ಹೇಳಬೇಕು.

ಜುಲೈ ೨೭

ಬಳೆ ಹಾಗೇ ಇದೆ. ೧೮೬.

ಗಿರಣಿಯ ಬಲಗಡೆಯ ಮೇಲಿನ ದೊಡ್ಡ ಹಲ್ಲು ಸೀಳಿದೆ.

ಜುಲೈ ೨೮, ಮಧ್ಯಾಹ್ನ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ. ಬರೆಯುತ್ತೇನೆ.

ಸಂಜೆ ಬಳೆ ತೊಳೆಯುವಾಗ ನೀರು ಕೆಂಪಾಯಿತು. ಅವನ ತುಟಿ ಎತ್ತಿ ನೋಡಿದೆ. ಹಲ್ಲಿನ ಹೊರಮೈ ಸಿಪ್ಪೆ ಎದ್ದ ಹಾಗೆ ಎದ್ದು ಒಸಡಿಗೆ ಅಂಟಿಕೊಂಡಿತ್ತು. ನಡುವೆ ಒಂದು ಕೆಂಪು ಚುಕ್ಕೆ. ಅದು ಏನೆಂದು ಗೊತ್ತು. ನರ.

ಇವತ್ತು ರಜೆಯಾದರೂ ಡಾಕ್ಟರಮ್ಮ ಕ್ಲಿನಿಕ್ಕಿಗೆ ಬಂದು ನೋಡಿದರು. ಮುರಿದು ಒಂದು ವಾರಕ್ಕಿಂತ ಹೆಚ್ಚಾಗಿರಬೇಕು ಎಂದರು. "ನಿಧಾನಕ್ಕೆ ತಿಂತಿದ್ನಾ? ಒಂದೇ ಪಕ್ಕದಲ್ಲಿ?"

ತಿನ್ನುತ್ತಿದ್ದ. ಮರ್ಯಾದೆ ಎಂದು ಬರೆದಿದ್ದೇನೆ ಇದೇ ಪುಸ್ತಕದಲ್ಲಿ.

ಬಳೆಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಉಗುರು ಒತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಇದು ತಗ್ಗಲ್ಲ ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಳೆ ಬೆಳಗ್ಗೆ ಹಲ್ಲು ತೆಗೆಯುತ್ತಾರೆ.

ಜುಲೈ ೨೯, ಸಂಜೆ ೬

ತೆಗೆದರು. ಮೂರು ಬೇರಿನ ಹಲ್ಲು, ಮೂರು ತುಂಡು ಮಾಡಿ ತೆಗೆಯಬೇಕಾಯಿತು. ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕುಳಿತಿದ್ದೆ.

ಮೂವತ್ತೊಂದು ವರ್ಷ. ನನ್ನ ಕೈಗೆ ಬಂದ ಯಾವ ಹಲ್ಲಿಗೂ ನೋವಾಗಿಲ್ಲ. ಅವಕ್ಕೆ ನೋವಾಗುವುದಿಲ್ಲ. ಅಚ್ಚು ಬರುತ್ತದೆ, ಸೆಟ್ಟು ಹೋಗುತ್ತದೆ. ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ — ಮಾಡಿದ್ದು ಮುರಿಯುತ್ತದೋ ಇಲ್ಲವೋ. ಬಳೆ ಮಾಡುವಾಗಲೂ ಅದನ್ನೇ ಕೇಳಿಕೊಂಡೆ. ಎರಡು ಗಟ್ಟಿ ವಸ್ತು ಎದುರಾದರೆ ಒಂದು ಮುರಿಯಲೇಬೇಕು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆ ಎರಡರಲ್ಲಿ ಜೀವ ಇರುವುದು ಯಾವುದೆಂದು ನಾನು ಯೋಚಿಸಲಿಲ್ಲ.

ನುಂಗಬಾರದು, ನುಂಗಬಾರದು ಎಂದು ಹೊಟ್ಟೆಯನ್ನೇ ಕಾದೆ. ಬಾಯಿ ನೋಡಲಿಲ್ಲ.

ಈಗ ಅಡುಗೆಮನೆಯ ಬಾಗಿಲಲ್ಲಿ ಮಲಗಿದ್ದಾನೆ. ಮಂಪರು. ನಾಲಿಗೆಯ ತುದಿ ಹೊರಗಿದೆ.

ಆಗಸ್ಟ್ ೧

ಗಂಜಿಯಷ್ಟು ಮೆತ್ತಗೆ ಮಾಡಿ ಕೊಡುತ್ತಿದ್ದೇನೆ. ತಿನ್ನುತ್ತಾನೆ, ನಾನು ತಟ್ಟೆಯಿಂದ ದೂರ ಹೋದ ಮೇಲೆ. ಮಾತ್ರೆ ಹಾಕಲು ಕೈ ಚಾಚಿದರೆ ಮುಖ ಗೋಡೆಯ ಕಡೆಗೆ. ಗುರುಗುಟ್ಟುವುದಿಲ್ಲ, ಕಚ್ಚುವುದಿಲ್ಲ. ಸುಮ್ಮನೆ ಮುಖ ತಿರುಗಿಸುತ್ತಾನೆ. ಅದೇ ಸಹಿಸಲಾಗುವುದಿಲ್ಲ.

ಆಗಸ್ಟ್ ೪, ಭಾನುವಾರ, ಸಂಜೆ ೫

ತಮ್ಮನ ಫೋನ್ ಬಂತು. ಎರಡು ವಾರಕ್ಕೊಮ್ಮೆ ಅವರ ಹಡಗು ದಡ ಸೇರಿದಾಗ ಮಾಡುತ್ತಾನೆ. ಹೇಳುವುದೋ ಬೇಡವೋ ಎಂದು ಬೆಳಗ್ಗೆಯಿಂದ ಮನೆಯೊಳಗೇ ತಿರುಗಿದ್ದೆ. ಅವನು "ಹೇಗಿದಾನಕ್ಕಾ ನನ್ ಮಗ?" ಎಂದ. ಎಲ್ಲ ಹೇಳಿಬಿಟ್ಟೆ. ಬಳೆ, ಉಗುರು, ಮರ್ಯಾದೆ, ಎಲ್ಲ. ಒಂದೇ ಉಸಿರಿಗೆ.

ಆ ಕಡೆ ಗಾಳಿಯ ಸದ್ದು, ಅದರ ನಡುವೆ, "ಅಕ್ಕಾ, ಅಳ್ತಿದೀಯಾ?"

"ಇಲ್ಲ ಕಣೋ. ನೆಗಡಿ."

"ನೋಡು, ನೀನು ಬೇಕಂತ ಮಾಡ್ಲಿಲ್ಲ. ಅವನು ಹೇಳ್ಳೂ ಇಲ್ಲ, ನಾಯಿ ಹೇಗ್ ಹೇಳತ್ತೆ." ದನಿ ತಗ್ಗಿಸಿ, "ಅಪ್ಪನೇ ಹೇಳಿರ್ಲಿಲ್ಲ ನಿಂಗೆ."

"ಏನನ್ನ?"

"ನೀನ್ ಮಾಡ್ಕೊಟ್ಟ ಸೆಟ್ಟು. ಎಡಗಡೆ ಒತ್ತಿ ಹುಣ್ಣಾಗ್ತಿತ್ತು ಅವರಿಗೆ. ನೀನು ಬಂದಾಗ ಮಾತ್ರ ಹಾಕ್ಕೊಳ್ತಿದ್ರು. ಹೋದ್ಮೇಲೆ ತೆಗೆದು ಡಬ್ಬೀಲಿಡ್ತಿದ್ರು. ಅಕ್ಕಂಗೆ ಹೇಳ್ಬೇಡ ಕಣೋ, ಬೇಜಾರ್ ಮಾಡ್ಕೊಳ್ತಾಳೆ ಅಂದಿದ್ರು. ನಾನೂ ಹೇಳ್ಬಾರ್ದಿತ್ತೇನೋ..."

ಲೈನ್ ಕಟ್ಟಾಯಿತು. ಅವನು ಮಾಡಿದ್ದಲ್ಲ, ಸಿಗ್ನಲ್ಲು.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಹಾಕಿಕೊಂಡು ನನ್ನೆದುರು ನಗುತ್ತಿದ್ದರು. ಅದು ನಾನು ಮಾಡಿದ ಎಲ್ಲ ಸೆಟ್ಟುಗಳಲ್ಲಿ ಚೆನ್ನಾಗಿ ಬಂದದ್ದು ಎಂದು ಇವತ್ತು ಮಧ್ಯಾಹ್ನದವರೆಗೂ ನಂಬಿದ್ದೆ. ಒಂದು ಸಲ ಬಾಯಿ ತೆರೆಸಿ ನೋಡಿದ್ದರೆ ಐದು ನಿಮಿಷದ ಉಜ್ಜುವ ಕೆಲಸ. ಅಷ್ಟೇ ಬೇಕಾಗಿದ್ದದ್ದು.

ಆಗಸ್ಟ್ ೧೨

ಹೊಲಿಗೆ ಕರಗಿದೆ, ಒಸಡು ಕೂಡಿದೆ. ಇನ್ನು ಆಟಿಕೆ ಕೊಡಬಹುದು. ಮೆತ್ತನೆಯ ರಬ್ಬರಿನದ್ದು, ದೊಡ್ಡದು. ಡಾಕ್ಟರಮ್ಮನ ಜೊತೆ ಇವತ್ತು ಕೂತು ಮಾತಾಡಿದೆ. ಮೆತ್ತಗಿದ್ದರೆ ಹರಿಯುತ್ತಾನೆ, ನುಂಗುತ್ತಾನೆ. ಗಟ್ಟಿಯಿದ್ದರೆ ಹಲ್ಲು. ಮತ್ತೆ ಯಾವುದನ್ನು ಕೊಡಲಿ?

"ಮುರಿಯದೇ ಇರೋ ಆಟಿಕೆ ಹುಡುಕ್ಬೇಡಿ ಮೇಡಂ. ಹಾಳಾಗೋದನ್ನೇ ಕೊಡಿ. ಆದ್ರೆ ಅವನು ಅಗಿಯೋವಾಗ ಪಕ್ಕದಲ್ಲಿ ಕೂತಿರಿ. ಕಣ್ಣು ಅವನ ಬಾಯಿ ಮೇಲಿರ್ಲಿ. ಟೀವಿ ಬೇಡ, ಫೋನ್ ಬೇಡ, ಇನ್ನೊಂದ್ ಕೆಲಸ ಬೇಡ. ಇಪ್ಪತ್ತು ನಿಮಿಷ. ಏಳೋದಾದ್ರೆ ಆಟಿಕೆ ಎತ್ತಿಟ್ಟು ಏಳಿ."

"ಅಷ್ಟೇನಾ?"

"ಅಷ್ಟೇ. ಆದ್ರೆ ಅದನ್ನ ಯಾರೂ ಮಾಡಲ್ಲ."

ಅಂಗಡಿಯಲ್ಲಿ ಕಪ್ಪು ಆಟಿಕೆಯ ದೊಡ್ಡ ಸೈಜು ಬಂದಿತ್ತು. ಅದರಲ್ಲೇ ಇನ್ನೂ ಮೆತ್ತಗಿನ ನೀಲಿ ಬಣ್ಣದ್ದು ತೆಗೆದುಕೊಂಡೆ. ಉಗುರು ಚೆನ್ನಾಗಿ ತಗ್ಗಿತು. ಮಂಡಿಗೆ ಎರಡು ಸಲ ಬಡಿದುಕೊಂಡೆ.

ಸಂಜೆ ಕೊಟ್ಟೆ. ಮೂಸಿದ. ಎದ್ದು ಹೋಗಿ ಅಡುಗೆಮನೆಯಲ್ಲಿ ಮಲಗಿದ.

ಆಗಸ್ಟ್ ೧೫

ಇಲ್ಲ. ಒಳಗೆ ಕ್ಯಾರೆಟ್ ತುಂಬಿಟ್ಟರೂ ಇಲ್ಲ.

ಆಗಸ್ಟ್ ೧೬

ಇಲ್ಲ.

ಆಗಸ್ಟ್ ೨೦

ಮೇಜಿನ ಕಾಲು, ಪೊರಕೆ, ಚಪ್ಪಲಿ, ಏನನ್ನೂ ಮುಟ್ಟುವುದಿಲ್ಲ. ಬೇಕೆಂದೇ ನನ್ನ ಹಳೇ ಚಪ್ಪಲಿಯನ್ನು ದಾರಿಯಲ್ಲಿ ಬಿಟ್ಟು ನೋಡಿದೆ. ದಾಟಿಕೊಂಡು ಹೋದ. ಏನನ್ನೂ ನುಂಗುವ ಭಯವಿಲ್ಲ ಈಗ. ಏಪ್ರಿಲ್‌ನಿಂದ ನಾನು ಬೇಡಿಕೊಂಡದ್ದು ಇದನ್ನೇ ತಾನೆ?

ಡಾಕ್ಟರಮ್ಮ ಬಾಯಿ ಪರೀಕ್ಷೆ ಮಾಡಿದರು. ನೋವಿಲ್ಲ. ಗಾಯ ಮಾಗಿದೆ. "ಮನಸ್ಸಿಲ್ಲ ಅಷ್ಟೇ. ಬಲವಂತ ಮಾಡ್ಬೇಡಿ."

ಆಗಸ್ಟ್ ೨೫, ಭಾನುವಾರ

ಟೈಲರ್ ಮೇಲೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. "ಗಿರಣಿ ನಿಂತೇ ಹೋಯ್ತಲ್ಲಮ್ಮಾ. ನನ್ ಮಷಿನ್ ಸದ್ದು ನಂಗೇ ಕರ್ಕಶ ಅನ್ಸ್ತಿದೆ ಈಗ." ಕೈಯಲ್ಲಿ ಹಳೇ ಜೀನ್ಸ್ ಬಟ್ಟೆಯನ್ನು ಜಡೆ ಹೆಣೆದು ತಂದಿದ್ದರು. ಪಾಪ, ಎಷ್ಟು ನೀಟಾಗಿ ಹೊಲಿದಿದ್ದರು. ಬಟ್ಟೆ, ದಾರ ಬೇಡವೆಂದು ಹೇಳಲು ಬಾಯಿ ಬರಲಿಲ್ಲ. ಆದರೂ ಹೇಳಿದೆ. ಈ ಮನೆಯಲ್ಲಿ ಬಾಯಿ ಬರದೆ ಆದದ್ದು ಸಾಕು.

ಅವರು ಬೇಸರಿಸಲಿಲ್ಲ. "ನೀವು ಹೇಗ್ ಕೊಡ್ತೀರಿ ಅವನಿಗೆ?" ಎಂದರು.

"ಹೇಗೆ ಅಂದ್ರೆ? ಮುಂದೆ ಇಡ್ತೀನಿ."

"ಇಟ್ಟು?"

ಇಟ್ಟು ದೂರ ಹೋಗಿ ನಿಲ್ಲುತ್ತೇನೆ, ಅಗಿಯುತ್ತಾನಾ ಎಂದು. ಮೊದಲೆಲ್ಲ ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ. ನನ್ನ ಕೈಯಲ್ಲಿ ಆಟಿಕೆ ಕಂಡರೆ ಇವಳು ಹೊರಡುತ್ತಾಳೆ ಎಂದೇ ಅವನಿಗೆ ಅರ್ಥ. ಆಮೇಲೆ ಬಾಯಿ ನೋಯುತ್ತದೆ, ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ಅವನ ಲೆಕ್ಕದಲ್ಲಿ ತಪ್ಪೇನಿದೆ?

ಪಕ್ಕದಲ್ಲಿ ಕೂತಿರಿ ಎಂದು ಡಾಕ್ಟರಮ್ಮ ಹೇಳಿದ್ದರು. ಅಗಿಯಲು ಶುರು ಮಾಡಿದ ಮೇಲೆ ಕೂತರಾಯಿತೆಂದುಕೊಂಡಿದ್ದೆ.

ಆಗಸ್ಟ್ ೨೬, ಸಂಜೆ

ನೆಲದ ಮೇಲೆ ಕುಳಿತೆ. ಅರ್ಧ ಗಂಟೆ. ಮಂಡಿ ಹಿಡಿದುಕೊಂಡಿತು, ಏಳಲು ಗೋಡೆ ಹಿಡಿಯಬೇಕಾಯಿತು. ಅವನು ಅಡುಗೆಮನೆಯಿಂದ ನೋಡುತ್ತಿದ್ದ.

ಆಗಸ್ಟ್ ೨೮

ನೆಲ. ಮುಕ್ಕಾಲು ಗಂಟೆ. ನೀಲಿ ಆಟಿಕೆ ನನ್ನ ಪಕ್ಕ. ಅವನು ಬಾಗಿಲವರೆಗೆ ಬಂದು ಮಲಗಿದ. ಮಾತಾಡಿಸಲಿಲ್ಲ, ಕೈ ಚಾಚಲಿಲ್ಲ. ಕೈ ಚಾಚದೇ ಇರುವುದು ಎಷ್ಟು ಕಷ್ಟದ ಕೆಲಸ.

ಆಗಸ್ಟ್ ೩೦

ಲ್ಯಾಬಿನಲ್ಲಿ ಇವತ್ತು ಒಂದು ಸೆಟ್ಟು ಮುಗಿಸಿ, ಡಾಕ್ಟರಿಗೆ ಚೀಟಿ ಬರೆದು ಜೊತೆಗಿಟ್ಟೆ — ಒಂದು ವಾರ ಬಿಟ್ಟು ಆ ಅಜ್ಜಿಯನ್ನು ಕರೆಸಿ ಎಲ್ಲಿ ಒತ್ತುತ್ತದೆ ಕೇಳಿ, ಕೇಳಿದ್ದನ್ನು ನನಗೆ ತಿಳಿಸಿ ಎಂದು. ಪಾಲಿಶಣ್ಣ ಓದಿ, "ಏನ್ ತಂಗೀ, ಹೊಸ ರೂಲಾ?" ಎಂದರು. ಹೌದು ಎಂದೆ.

ಸಂಜೆ ನೆಲ. ಅವನು ನನ್ನಿಂದ ಒಂದು ಮಾರು ದೂರ. ಆಟಿಕೆ ಮೂಸಿದ. ಬಿಟ್ಟ.

ಅವನು ಡಿಸೆಂಬರ್‌ನಲ್ಲಿ ಹೋಗುತ್ತಾನೆ. ಹೋಗಲಿ, ತಮ್ಮನ ನಾಯಿ. ಅಷ್ಟರೊಳಗೆ ಒಂದು ಸಲ ನನ್ನ ಕೈಯಿಂದ ಏನಾದರೂ ತೆಗೆದುಕೊಳ್ಳಲಿ. ಪ್ರೀತಿಗೀತಿ ಇಲ್ಲ ಎಂದು ಬರೆದಿದ್ದೆನಲ್ಲ ಜೂನ್‌ನಲ್ಲಿ, ಅದು ಸುಳ್ಳು.

ಸೆಪ್ಟೆಂಬರ್ ೧, ಭಾನುವಾರ, ಸಂಜೆ ೬

ನೆಲದಲ್ಲೇ ಕುಳಿತು ಬರೆಯುತ್ತಿದ್ದೇನೆ, ಬೆನ್ನಿಗೆ ಗೋಡೆ, ಮಂಡಿಯ ಮೇಲೆ ಪುಸ್ತಕ. ಇವತ್ತು ಮಂಡಿಯ ಕೆಳಗೆ ದಿಂಬಿಟ್ಟುಕೊಂಡಿದ್ದೇನೆ, ವಾಸಿ. ನೀಲಿ ಆಟಿಕೆ ತೊಡೆಯ ಪಕ್ಕ. ಹೊರಗೆ ಯಾರೋ ಸ್ಕೂಟರ್ ತೊಳೆಯುತ್ತಿದ್ದಾರೆ. ಕೆಳಗೆ ಟೈಲರ್ ಮಷಿನ್ ನಿಂತಿದೆ, ಭಾನುವಾರವಲ್ಲವೇ.

ಗಿರಣಿ ಎದ್ದ. ನೀರು ಕುಡಿಯಲು ಹೋಗುತ್ತಾನೇನೋ.

ಇಲ್ಲ. ಈ ಕಡೆ ಬಂದ. ನನ್ನ ಪಾದ ಮೂಸಿದ. ನಾನು ಅಲುಗಾಡುತ್ತಿಲ್ಲ, ಪೆನ್ನು ಮಾತ್ರ.

ನನ್ನ ಕಾಲಿಗೆ ಒರಗಿ ಮಲಗಿದ. ಭಾರ. ಬೆಚ್ಚಗಿದ್ದಾನೆ. ಆಟಿಕೆಯನ್ನು ಮೂತಿಯಿಂದ ತಳ್ಳಿದ, ಅದು ಉರುಳಿ ನನ್ನ ಕೈಗೆ ತಾಗಿತು. ಎತ್ತಿ ಹಿಡಿದೆ. ಎಡಗೈ.

ತಗೊಂಡ.

ತಗೊಂಡ! ಎಡಗಡೆಯ ಹಲ್ಲಿನಲ್ಲಿ. ಮೆಲ್ಲಗೆ, ಅಳೆದು ನೋಡುವ ಹಾಗೆ. ಗರ... ನಿಲ್ಲಿಸಿ ನನ್ನ ಮುಖ ನೋಡಿದ. ಇದ್ದೇನೆ ಕಣೋ, ಇಲ್ಲೇ ಇದ್ದೇನೆ. ಗರ ಗರ...

ಇನ್ನು ಕಣ್ಣು ಅವನ ಬಾಯಿಯ ಮೇಲೆ. ಟೀವಿ ಇಲ್ಲ, ಫೋನ್ ಇಲ್ಲ, ಬರೆಯುವುದೂ